ಮೂರನೆಯ ನೆಲಮಾಳಿಗೆಯ ಡೋಲುಗಾರರ ಮೇಲೆ ಒಂದು ಬಹಿರಂಗ ತಕರಾರು

ಗೆ,
ಶ್ರೀಮಾನ್ ಡೋಲುಗಾರ ಅಸ್ಥಿಪಂಜರ ಅವರು,
ಕಾವಲುಗಾರರು, ಮೂರನೆಯ ನೆಲಮಾಳಿಗೆ, 'ಠೇಕಾ ತಹಖಾನಾ' ಗೇಮು,
ಮುಕ್ಕಾಂ: ನನ್ನ ಮೊಬೈಲು, ಬೊರಿವಲಿ ಪೂರ್ವ.

ಮಾನ್ಯರೇ,

ಮೊದಲಿಗೆ ತಮ್ಮ ಇನ್ನೂರಾರು ಎಲುಬುಗಳಿಗೂ ತಲಾ ಒಂದರಂತೆ ನನ್ನ ಪ್ರತ್ಯೇಕ ಸಲಾಮುಗಳು. ತಾವು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಚರ್ಮ, ಮಾಂಸ, ಬಿಪಿ, ಶುಗರ್ ಯಾವುದೂ ಇಲ್ಲದವರು ಕ್ಷೇಮವಲ್ಲದೆ ಇನ್ನೇನಾಗಿರಲು ಸಾಧ್ಯ. ನಾವೂ ಇಲ್ಲಿ ಕ್ಷೇಮವಾಗಿಯೇ ಇದ್ದೆವು, ತಮ್ಮ ಪರಿಚಯವಾಗುವ ತನಕ.

ತಮ್ಮ ಕೈಯಲ್ಲಿ ಇನ್ನೂ ಸಾಯದ ನತದೃಷ್ಟ ಓದುಗರಿಗಾಗಿ ಎರಡು ಮಾತು. ಈ ಗೇಮಿನಲ್ಲಿ ಕತ್ತಲ ನೆಲಮಾಳಿಗೆಗಳು ಒಂದರ ಕೆಳಗೊಂದು ಇವೆ, ಹಿನ್ನೆಲೆಯಲ್ಲಿ ಡೋಲು ಬಡಿಯುತ್ತಿರುತ್ತದೆ, ಒಂದು ಪೆಟ್ಟಿಗೆ ಒಂದೇ ಹೆಜ್ಜೆ. ಪೆಟ್ಟು ತಪ್ಪಿಸಿಕೊಂಡವನ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ಅಷ್ಟರಲ್ಲಿ ಎದುರಿನ ಬಾವಲಿಯೋ ಭೂತವೋ ತನ್ನ ಪಾಲಿನ ಹೆಜ್ಜೆ ಇಟ್ಟು ಬಂದು ಕಚ್ಚುತ್ತದೆ. ಸತ್ತರೆ ಮತ್ತೆ ಮೊದಲ ಮಾಳಿಗೆಯಿಂದ ಶುರು. ಅಷ್ಟು ಹೊತ್ತಿಗೆ ಗೋಡೆ ಬಾಗಿಲುಗಳೆಲ್ಲ ಜಾಗ ಬದಲಿಸಿರುವುದರಿಂದ, ಬಾಯಿಪಾಠ ಮಾಡಿಯೇ ಸೆಕೆಂಡ್ ಇಯರ್ ತನಕ ಬಂದ ನನ್ನಂಥವನ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಇಷ್ಟು ಸಲ ಸಾಯುವುದರಲ್ಲಿ ಏನು ಸುಖ ಎಂದು ಕೇಳುವವರು ಬೆಳಿಗ್ಗೆ ಎಂಟೂವರೆಗೆ ದಾದರಿನಲ್ಲಿ ಲೋಕಲ್‌ನಿಂದ ಇಳಿದು ನೋಡಬೇಕು. ಅಲ್ಲಿ ಯಾರ ಮೊಣಕೈ ಯಾವ ಕ್ಷಣದಲ್ಲಿ ಬರುತ್ತದೆಂದು ಬಲ್ಲವರಿಲ್ಲ. ನಲ್ಲಿಯ ನೀರು, ರಿಕ್ಷಾದವನ ಒಪ್ಪಿಗೆ, ಕಾಲೇಜಿನ ರಿಸಲ್ಟು, ಯಾವುದಕ್ಕೂ ತಾಳವಿಲ್ಲ. ತಾವು ಮಾತ್ರ ಹೊಡೆಯುವ ಮುಂಚೆ ಒಂದು ಪೆಟ್ಟಿನ ಕಾಲ ಕೈ ಎತ್ತಿ ತೋರಿಸುತ್ತೀರಿ. ಈ ಮಹಾನಗರದಲ್ಲಿ ಮುನ್ಸೂಚನೆ ಕೊಟ್ಟು ನನ್ನನ್ನು ಹೊಡೆದವರಲ್ಲಿ ತಾವೇ ಮೊದಲಿಗರು, ಅದಕ್ಕಾಗಿ ನಾನು ಆಜನ್ಮ ಋಣಿ.

ಇನ್ನು ತಕರಾರಿಗೆ ಬರುತ್ತೇನೆ. ನನ್ನ ದಾದಿ, ಅಂದರೆ ತಂದೆಯ ತಾಯಿ, ಅಜೀಜಾಬಿ, ಮೂಲತಃ ವಿಜಾಪುರದವರು, ಬೊರಿವಲಿಯ ಅರ್ಧ ಕನ್ನಡಿಗರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವರು. ಹೋದ ಮಳೆಗಾಲದಲ್ಲಿ ಸ್ಟೇಷನ್ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದಾಗ ಎಲುಬು ಕೂಡಿತ್ತು, ಕೈಯ ತಾಳ ಮಾತ್ರ ಎಲ್ಲೋ ಬಿದ್ದುಹೋಗಿತ್ತು. ಮೂರು ಬಡಿತಕ್ಕೊಮ್ಮೆ ಕೈ ತಡವರಿಸುವುದು, ರೊಟ್ಟಿಯ ಅಂಚು ಸೀಳುವುದು. ಒಂದು ದಿನ ಅವರು ಹಿಟ್ಟು ನಾದಿ ರೊಟ್ಟಿ ಬಡಿಯುವ ಪರಾತವನ್ನು ತೊಳೆದು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಆಮೇಲೆ ಮನೆಯಲ್ಲಿ ಯಾರೂ ರೊಟ್ಟಿಯ ಮಾತೆತ್ತಲಿಲ್ಲ, ಪಾವ್ ತಿಂದೆವು.

ಅದೇ ದಿನಗಳಲ್ಲಿ ನನ್ನ ತಂದೆ ಅಮೀರಸಾಬರು, ಇಯರ್‌ಫೋನ್ ಇಲ್ಲದಿದ್ದರೆ ಹುಡುಗ ಗೇಮು ಬಿಡುತ್ತಾನೆಂದು ತರ್ಕಿಸಿ ಅದನ್ನು ಜಪ್ತಿ ಮಾಡಿದರು. ನಾನು ಆಜ್ಞಾಧಾರಕನಾಗಿ ಇಯರ್‌ಫೋನ್ ಬಿಟ್ಟೆ, ಗೇಮು ಬಿಡಲಿಲ್ಲ. ಡೋಲು ಮನೆ ತುಂಬ ಬಡಿಯತೊಡಗಿತು. ಮೂರನೆಯ ದಿನ ಅಡುಗೆಮನೆಯಿಂದ ಇನ್ನೊಂದು ಬಡಿತ ಕೇಳಿಸಿ ಇಣುಕಿದರೆ ದಾದಿಯ ಮುಂದೆ ಪರಾತ, ಪರಾತದಲ್ಲಿ ಹಿಟ್ಟು, ಕೈ ತಮ್ಮ ಡೋಲಿಗೆ ಸರಿಯಾಗಿ ಏಳುತ್ತ ಬೀಳುತ್ತ ಇತ್ತು. ಮೊದಲ ಮಾಳಿಗೆಯ ಡೋಲು ನಿಧಾನ, ರೊಟ್ಟಿ ದಪ್ಪ, ಎರಡನೆಯದಕ್ಕೆ ಅಡ್ಡಿಯಿಲ್ಲ, ತಮ್ಮ ಮೂರನೆಯ ಮಾಳಿಗೆಯ ಗತಿಗೆ ಬಂದದ್ದೇ ತಡ, ಬೆಳಕಿಗೆ ಹಿಡಿದರೆ ಕಿಟಕಿಯ ಸರಳು ಕಾಣುವಷ್ಟು ತೆಳುವಾದ ರೊಟ್ಟಿ.

ಮರುದಿನದಿಂದ ಮನೆಯ ಕಾನೂನು ಬದಲಾಯಿತು. ನಮ್ಮಲ್ಲಿ ಮುದ್ದು ದಖನಿ ಉರ್ದುವಿನಲ್ಲಿ, ತೀರ್ಪು ಕನ್ನಡದಲ್ಲಿ. ತಂದೆ ಕನ್ನಡದಲ್ಲಿಯೇ ಹೇಳಿದ್ದೇನೆಂದರೆ, ದಾದಿ ರೊಟ್ಟಿಗೆ ಕೂತ ಹೊತ್ತಿನಲ್ಲಿ ನಾನು ಅವರ ಪಕ್ಕದಲ್ಲಿ ಕೂತು ಮೂರನೆಯ ಮಾಳಿಗೆಯಲ್ಲಿಯೇ ಇರತಕ್ಕದ್ದು. ಸತ್ತರೆ ಡೋಲು ನಿಲ್ಲುತ್ತದೆ, ರೊಟ್ಟಿ ಸೀಳುತ್ತದೆ. ಗೆದ್ದರೆ ನಾಲ್ಕನೆಯ ಮಾಳಿಗೆಯ ಡೋಲು ಓಡತೊಡಗುತ್ತದೆ, ಆಗಲೂ ಸೀಳುತ್ತದೆ. ಆದ್ದರಿಂದ ಸಾಯಲೂ ಕೂಡದು, ಗೆಲ್ಲಲೂ ಕೂಡದು. ಫೋನನ್ನು ಬಾಲ್ಕನಿಯಿಂದ ಎಸೆಯುತ್ತೇನೆಂದಿದ್ದ ಅದೇ ತಂದೆ ಸ್ವತಃ ಪವರ್ ಬ್ಯಾಂಕ್ ತಂದು ಚುಚ್ಚಿದರು. ಮಾನ್ಯರೇ, ಆಟವೆಂಬುದು ಡ್ಯೂಟಿಯಾದ ದಿನ ಯುವಕನೊಬ್ಬನ ಒಳಗೆ ಏನು ಸಾಯುತ್ತದೆಂದು ತಮಗೆ ಹೇಗೆ ವಿವರಿಸಲಿ. ತಮಗೆ ಒಳಗೆ ಎಂಬುದೇ ಇಲ್ಲ.

ಹೀಗೆ ದಿನಗಟ್ಟಲೆ ನಾವಿಬ್ಬರೂ ಎದುರು ಬದುರು, ತಾವು ಎಡಕ್ಕೆ ನಾನು ಬಲಕ್ಕೆ, ಕುಣಿದೆವು. ತಮ್ಮಲ್ಲಿ ಒಂದೇ ಜೀವ ಉಳಿದಿದ್ದರೂ ಕತ್ತಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕುಣಿದೆ. ಮೇಲಿನ ಮಹಡಿಯ ಆತೀಫ, ಗೇಮಿನಲ್ಲಿ ಆರನೆಯ ಮಾಳಿಗೆ ಮುಟ್ಟಿದ ಮಹಾನುಭಾವ, ದಿನಾ ಬಾಗಿಲಲ್ಲಿ ನಿಂತು ನಿಮ್ಮಿಬ್ಬರ ನಿಕಾಹ್ ಯಾವಾಗ ಎಂದು ಕೇಳಿ ಹೋಗುತ್ತಿದ್ದ.

ಹೋದ ರವಿವಾರ ಪರೀಕ್ಷೆಯ ದಿನ. ದಾದರಿನಲ್ಲಿ ಖಾನಾವಳಿ ನಡೆಸುವ ರಾಚವ್ವನವರು, ನೂರು ರೊಟ್ಟಿ ಒಂದೂ ಸೀಳದೆ ಬಂದರೆ ದಿನಾ ತೆಗೆದುಕೊಳ್ಳುವುದಾಗಿ ಹೇಳಿ ತಾವೇ ನೋಡಲು ಬಂದಿದ್ದರು. ದಾದಿ ಹೊಸ ದುಪಟ್ಟಾ ಹೊದ್ದಿದ್ದರು, ಹೊಸ ಗಿರಾಕಿಯ ಸಲುವಾಗಿ ಅಲ್ಲ, ಮರಳಿ ಬಂದ ಹಳೆಯ ಕೈಯ ಸಲುವಾಗಿ. ಈ ಸಲ ಕೆಟ್ಟರೆ ಪರಾತ ಮತ್ತೆ ಗೋಡೆ ಬಿಟ್ಟು ಏಳುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಎಂಬತ್ತೇಳು ರೊಟ್ಟಿ ಸಲೀಸಾಗಿ ಬಂದವು. ಆಗ ಆತೀಫ ಬಾಗಿಲಲ್ಲಿ ಕಾಣಿಸಿಕೊಂಡು, ನಾಲ್ಕನೆಯ ಮಾಳಿಗೆ ಯಾವಾಗ ಎಂಬಂತೆ ನಾಲ್ಕು ಬೆರಳು ಎತ್ತಿ ತೋರಿಸಿದ. ಬೆರಳು ಜಾರಿತು ಎಂದು ಮನೆಯಲ್ಲಿ ಹೇಳಿದ್ದೇನೆ. ತಮ್ಮ ಮುಂದೆ ಸುಳ್ಳೇಕೆ, ಬೆರಳು ಜಾರಲಿಲ್ಲ.

ತಾವು ಎಲುಬೆಲುಬಾಗಿ ಉದುರಿದಿರಿ. ನಾಲ್ಕನೆಯ ಮಾಳಿಗೆ ತೆರೆಯಿತು. ಡೋಲು ಚರ್ಚ್‌ಗೇಟ್ ಫಾಸ್ಟ್ ಲೋಕಲ್ಲಿನಂತೆ ಓಡತೊಡಗಿತು. ತಂದೆ ನನ್ನನ್ನು ನೋಡಿದರು, ನಾನು ದಾದಿಯನ್ನು ನೋಡಿದೆ, ದಾದಿ ಹಿಟ್ಟನ್ನೇ ನೋಡುತ್ತಿದ್ದರು. ಎಂಬತ್ತೆಂಟನೆಯದು ಅದೇ ಗತಿಯಲ್ಲಿ ಏಳುತ್ತ ಬೀಳುತ್ತ, ಅಂಚು ಸೀಳದೆ, ಹಂಚಿಗೆ ಹೋಯಿತು. ಎಂಬತ್ತೊಂಬತ್ತನೆಯದೂ ಹೋಯಿತು. ನಾನು, ತಮ್ಮ ನಿಧಾನಕ್ಕೆ ಒಗ್ಗಿದ ಬಡಪಾಯಿ, ನಾಲ್ಕನೆಯ ಮಾಳಿಗೆಯ ಮೂರನೆಯ ಹೆಜ್ಜೆಗೆ ಸತ್ತೆ. ಡೋಲು ಪೂರಾ ನಿಂತಿತು. ಅಡುಗೆಮನೆಯಲ್ಲಿ ಒಂದೇ ಬಡಿತ ಉಳಿಯಿತು.

"ಎಂಟು ದಿನಾ ಆತು ನಾ ಆ ಸಪ್ಪಳಾ ಕೇಳೂದು ಬಿಟ್ಟು," ಎಂದರು ದಾದಿ, ತಲೆ ಎತ್ತದೆ. "ಕೈ ತಾನ ಹಾದಿ ಹಿಡದೈತಿ."

ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ, ಎಂಟು ದಿನ ಆ ಎಲುಬಿನವನ ಜೊತೆ ನನ್ನನ್ನು ಯಾಕೆ ಕುಣಿಸಿದಿರಿ ಎಂದು ನಾನು ಸಕಲ ಗೌರವಗಳೊಂದಿಗೆ ಕೇಳಿದೆ.

"ಹೇಳಿದ್ರ ನೀ ಎದ್ದ ಹೋಗ್ತಿದ್ದಿ. ಬಾಜೂಕ ಕುಂತಿದ್ದಿ, ಚೊಲೋ ಅನಸ್ತಿತ್ತು."

ಮಾನ್ಯರೇ, ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟಿಗೆ ಸುಳ್ಳು ಬೋರ್ಡು ಹಾಕಿದವನು ನಾನು, ವಾಚ್‌ಮನ್ನನ ಕುರ್ಚಿಯನ್ನು ಟೆರೇಸಿಗೆ ಏರಿಸಿದವನು ನಾನು. ಎಪ್ಪತ್ತೊಂದರ ಮುದುಕಿ ಹಿಟ್ಟಿನ ಕೈಯಲ್ಲಿ ನನ್ನನ್ನು ಎಂಟು ದಿನ ಬೇಸ್ತು ಬೀಳಿಸಿದರೆ ಆ ಮಾನಹಾನಿಗೆ ಹೊಣೆ ಯಾರು. ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ನನ್ನ ಎಂಟು ದಿನಗಳನ್ನು ಮೂರು ಜೀವಗಳ ಸಮೇತ ವಾಪಸು ಮಾಡಬೇಕು. ಆ ಅವಧಿಯನ್ನು ಅನುಭವವೆಂದು ಪರಿಗಣಿಸಿ ತಮ್ಮ ಎಡಗೈ ಎಲುಬಿನ ಮೊಹರು ಒತ್ತಿದ ಸರ್ಟಿಫಿಕೇಟು ಕೊಡಬೇಕು. ಅದು ಆಗದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ, ಆಟಗಾರನ ಪಕ್ಕದಲ್ಲಿ ಅಜ್ಜಿಯೊಬ್ಬರು ಕೂತಿದ್ದಾರೆ, ಎಚ್ಚರದಿಂದ ಇರಿ ಎಂಬ ಕೆಂಪಕ್ಷರದ ಫಲಕವನ್ನಾದರೂ ತೋರಿಸಬೇಕು.

ಸದಾ ಒಂದು ಪೆಟ್ಟು ಹಿಂದೆಯೇ ಉಳಿದ,
ತಮ್ಮ ವಿಶ್ವಾಸಿ,
ನವಾಜ ಅಮೀರಸಾಬ

ತಾ.ಕ.: ನೂರೂ ರೊಟ್ಟಿ ಸರಿಯಾಗಿ ಬಂದವು. ರಾಚವ್ವನವರು ದಿನದ ಆರ್ಡರು ಕೊಟ್ಟು, ಹೊರಡುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಹುಡುಗ ಖಾಲಿಯೇ ಇದ್ದಾನಲ್ಲ, ಡಬ್ಬಿ ಇವನೇ ತರಲಿ ಎಂದುಬಿಟ್ಟರು. ಈಗ ನಾನು ಬೆಳಿಗ್ಗೆ ಎಂಟೂವರೆಗೆ ನೂರು ರೊಟ್ಟಿ ತಲೆಯ ಮೇಲೆ ಹೊತ್ತು ದಾದರಿನಲ್ಲಿ ಇಳಿಯುತ್ತಿದ್ದೇನೆ. ಒಬ್ಬ ಸಹಾಯಕ ಬೇಕಾಗಿದ್ದಾನೆ. ತಮಗೆ ಮಾಂಸವಿಲ್ಲದ್ದರಿಂದ ಫಾಸ್ಟ್ ಲೋಕಲ್ಲಿನ ಸಂದಿಯಲ್ಲೂ ತೂರುತ್ತೀರಿ, ಮೊಣಕೈ ತಾಗಿ ಉದುರಿದರೂ ಮತ್ತೆ ಎದ್ದು ಕೂಡಿಕೊಳ್ಳುತ್ತೀರಿ. ಇದಕ್ಕಿಂತ ಹೆಚ್ಚಿನ ಅರ್ಹತೆ ಈ ಕೆಲಸಕ್ಕೆ ಬೇಕಿಲ್ಲ. ಡೋಲು ಮಾತ್ರ ಅಲ್ಲಿಯೇ ಬಿಟ್ಟು ಬನ್ನಿ, ಅದರ ಅಗತ್ಯ ಈಗ ನಮ್ಮ ಮನೆಗೆ ಇಲ್ಲ.