ಹೋಳಿಗೆಗೊಂದು ಹೆಚ್ಚಿನ ಗುಳಿಗೆ

ಸಕ್ಕರೆ ಕಾಯಿಲೆ ಬಂದದ್ದಕ್ಕಿಂತ, ಅದಕ್ಕೆ ಗುಳಿಗೆ ನುಂಗಬೇಕಾಗಿ ಬಂದದ್ದೇ ಅಂಕಲಗಿಯ ಸಿದ್ರಾಯನಿಗೆ ದೊಡ್ಡ ಅವಮಾನವಾಗಿತ್ತು. ತಮ್ಮದು ಕುರಿಹಾಲು ಕುಡಿದು ಬೆಳೆದ ಮನೆತನ, ಔಷಧದ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ ಎಂದು ಊರೆಲ್ಲ ಸಾರಿದ್ದವನು ಅವನು. ಹೀಗಾಗಿ ಗುಳಿಗೆಗಳು ಸುಣ್ಣದ ಡಬ್ಬಿಯಲ್ಲಿ ಅಜ್ಞಾತವಾಸ ಮಾಡುತ್ತಿದ್ದವು. (ಹೆಂಡತಿ ಸೀತವ್ವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಗಂಡನ ಮರ್ಯಾದೆಗೆಂದು ಗೊತ್ತಿಲ್ಲದಂತೆ ಇದ್ದಳು.)

ಮಗಳು ವಿದ್ಯಾಳ ಮದುವೆ ಮಾತುಕತೆಗೆ ಹೆಂಡತಿಯೊಡನೆ ಬೆಲ್ಲದ ಬಾಗೇವಾಡಿಗೆ ಹೊರಟ ಬೆಳಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಬೀಗರ ಮನೆಯಲ್ಲಿ ಹೋಳಿಗೆ ಖಚಿತ. ಡಾಕ್ಟರು ಊಟವಾದ ಮೇಲೆ ಒಂದೇ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ ಎಂದಿದ್ದರು. ಇವನು ಹೋಳಿಗೆಯ ಪಾಪಕ್ಕೆ ಮುಂಗಡ ಪ್ರಾಯಶ್ಚಿತ್ತವೆಂದು ಇನ್ನೊಂದನ್ನು ಸೇರಿಸಿ, ಬರಿಹೊಟ್ಟೆಯಲ್ಲೇ ಎರಡು ನುಂಗಿದ. ಸೀತವ್ವ ಅದನ್ನೂ ಕಂಡೂ ಕಾಣದಂತೆ ಇದ್ದಳು.

ಬಾಗೇವಾಡಿಯಲ್ಲಿ ವರನ ತಂದೆ ಗುರುಪಾದ ಕರಿಕಂಬಳಿ ಹಾಸಿ, ಮೇಲೆ ದೇವರ ಅರಿಶಿಣಪುಡಿಯಾದ ಭಂಡಾರ ಇಟ್ಟ. ಅವರ ಮನೆತನಗಳಲ್ಲಿ ಕಂಬಳಿಯ ಮೇಲೆ ಕೂತು ಮಾತಿಗಿಳಿದವರು ವೀಳ್ಯ ಬದಲಾಗುವ ತನಕ ಏಳುವಂತಿಲ್ಲ. ಎದ್ದರೆ ಸಂಬಂಧ ಬೇಡವೆಂದೇ ಅರ್ಥ. ಇತ್ಯರ್ಥವಾಗಬೇಕಾದದ್ದು ಒಂದೇ: ಮದುವೆ ಯಾರ ಊರಲ್ಲಿ? ಅಂಕಲಗಿಯಲ್ಲೇ, ತನ್ನ ಬಾಗಿಲಲ್ಲೇ ಎಂದು ಸಿದ್ರಾಯ ಆಗಲೇ ಊರವರಿಗೆ ಮಾತು ಕೊಟ್ಟು ಬಂದಿದ್ದ.

"ಲಗ್ನ ನಮ್ಮ ಬಾಗೇವಾಡ್ಯಾಗ ಆಗ್ಲಿರಿ," ಎಂದ ಗುರುಪಾದ.

ಅದೇ ಗಳಿಗೆಗೆ ಸಿದ್ರಾಯನ ಹೊಟ್ಟೆಯೊಳಗೆ ಗೋಕಾಕ ಫಾಲ್ಸಿಗೆ ಮಳೆಗಾಲದ ನೀರು ಬಂತು. ಹಲ್ಲು ಕಚ್ಚಿ, ಮೊಣಕಾಲೂರಿ, ಅರ್ಧ ಎದ್ದ.

ಗುರುಪಾದ ಗಾಬರಿಯಾದ. "ಸಿಟ್ಟಾಗಬ್ಯಾಡ್ರಿ ಬೀಗರ! ಅರಿಶಿಣ ನಿಮ್ಮಲ್ಲೇ ಆಗ್ಲಿ."

ಸಿದ್ರಾಯ ಕೂತು ಬೆವರು ಒರೆಸಿಕೊಂಡ. ಹೊಟ್ಟೆ ಮತ್ತೆ ಗುಡುಗಿತು. ಮತ್ತೆ ಅರ್ಧ ಎದ್ದ.

"ಆತ್ರಿ, ಆತ್ರಿ! ಲಗ್ನಾನೂ ಅಂಕಲಗ್ಯಾಗ!"

ಇಷ್ಟು ಸುಲಭವಾಗಿ ಯಾವ ಸೇನಾಪತಿಯೂ ಗೆದ್ದಿರಲಿಲ್ಲ. ಸಿದ್ರಾಯ ಹಿಗ್ಗಿ ವೀಳ್ಯಕ್ಕೆ ಕೈಚಾಚಿದ. ಆದರೆ ಕೈ ವೀಳ್ಯ ಮುಟ್ಟುವ ಮೊದಲೇ ಕಾಲುಗಳು ಹಿತ್ತಲಿನತ್ತ ಓಡಿದವು.

"ಕಂಬಳಿ ಬಿಟ್ಟು ಎದ್ದ ಹೋದ್ರಲ್ಲಾ!" ಗುರುಪಾದನ ಮುಖ ಕಪ್ಪಿಟ್ಟಿತು. "ಇನ್ನ ಮಾತ ಮುಗೀತು."

ಮಗಳ ಸಂಬಂಧ ಮುರಿಯುವುದೋ, ಗಂಡನ ಮರ್ಯಾದೆಯೋ? ಸೀತವ್ವ ಹೆಚ್ಚು ಯೋಚಿಸಲಿಲ್ಲ. "ಸಿಟ್ಟಲ್ರಿ ಅಣ್ಣಾರ, ಸಕ್ಕರಿ ಗುಳಗಿ! ಹೋಳಿಗಿ ಆಸೇಕ ಬರೀ ಹೊಟ್ಟಿಲೇ ಎರಡು ನುಂಗಿ ಬಂದಾರ!"

ಗುರುಪಾದ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಯ್ಯ, ಇದಕ್ಕ್ಯಾಕ ನಾಚ್ಕಿ? ನಾನೂ ಅದನ್ನ ನುಂಗಾಂವ." ಆಮೇಲೆ ನಗು ನಿಲ್ಲಿಸಿ ಕೇಳಿದ, "ಅಂದ್ರ, ಅವ್ರು ಆಗ ಎರಡ ಸಲ ಅರ್ಧ ಎದ್ದದ್ದೂ ಸಿಟ್ಟಿಗಲ್ಲ?"

"ಅಲ್ರಿ."

"ಹಂಗಾರ ಲಗ್ನ ಇಲ್ಲೇ ಆತು, ತಂಗೆವ್ವ."

ಸಿದ್ರಾಯ ಗೋಡೆ ಹಿಡಿದು ಮರಳಿದಾಗ ಸೀತವ್ವನ ಕೈಯಿಂದಲೇ ವೀಳ್ಯ ಬದಲಾಗಿತ್ತು, ಮದುವೆಯ ಊರೂ ಬದಲಾಗಿತ್ತು. ಎಲ್ಲರಿಗೂ ತುಪ್ಪ ಸುರಿದ ಹೋಳಿಗೆ ಬಂತು. ಅವನ ತಾಟಿಗೆ ಮೊಸರನ್ನ.

"ನನ್ನ ಹೋಳಿಗಿ?" ಎಂದ ಕ್ಷೀಣವಾಗಿ.

ಸೀತವ್ವ ಎದುರಿಗೆ ತೋರಿಸಿದಳು. ಗುರುಪಾದ ತನ್ನ ಒಂದೇ ಒಂದು ಗುಳಿಗೆಯನ್ನು ತಾಟಿನ ಬದಿಗಿಟ್ಟುಕೊಂಡು, ಎರಡನೆಯ ಹೋಳಿಗೆ ಮುರಿಯುತ್ತಿದ್ದ.