ನಮ್ಮಲ್ಲಿ ಮಲಗಲು ಬಂದ ಮಕ್ಕಳು

ಮಕ್ಕಳನ್ನು ಮಲಗಿಸಲು ಎಷ್ಟೇ ಏರ್ಪಾಡು ಮಾಡಿ, ಆ ಏರ್ಪಾಡೊಂದು ಬಿಟ್ಟು ಬೇರೆಲ್ಲ ನಡೆಯುತ್ತದೆ. ಒಂದೊಂದೇ ಕೋಣೆಯ ಮನೆಗಳ ಚಾಳಿನಲ್ಲಿದ್ದಾಗಲೂ ಹಾಗೇ, ಈಗ ಭಾಂಡುಪ್‌ನ ಈ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯಲ್ಲೂ ಹಾಗೇ.

ನನ್ನ ಆಸೆ ದೊಡ್ಡದೇನಲ್ಲ. ಮಗನ ಮಗಳು ಒಂದು ರಾತ್ರಿ ಪೂರ್ತಿ ನಮ್ಮಲ್ಲಿ ಮಲಗಬೇಕು, ಬೆಳಿಗ್ಗೆ ಕಣ್ಣುಜ್ಜಿಕೊಂಡು ಅಡುಗೆಮನೆಗೆ ಬರಬೇಕು. ಅವಳಿಗೆ ಏಳು ವರ್ಷ. ಅವರಿರುವುದು ಘಾಟ್ಕೋಪರ್‌ನಲ್ಲಿ, ಲೋಕಲ್ ರೈಲು ಹಿಡಿದರೆ ಹತ್ತು ಹನ್ನೆರಡು ನಿಮಿಷ. ಎರಡು ಸಲ ಬ್ಯಾಗು ಹಿಡಿದು ಬಂದಿದ್ದಳು. ಎರಡು ಸಲವೂ ಒಂಬತ್ತೂವರೆಗೆ 'ಪಪ್ಪಾ ಬೇಕು' ಎಂದು ಅತ್ತಳು, ಪಪ್ಪಾ ಕಾರು ತಂದ. ಮೂರನೇ ಸಲ ಅವಳೇ ಫೋನ್ ಮಾಡಿದಳು. "ಅಜ್ಜೀ, ಸ್ಲೀಪೋವರ್ ಮಾಡೋಣ. ನನ್ನ ಎರಡು ಫ್ರೆಂಡ್ಸ್ ಭೀ ಬರ್ತಾರೆ. ಫಿರ್ ನಾನು ಅಳಲ್ಲ, ಪ್ರಾಮಿಸ್."

೧. ತಯಾರಿ

ಗೆಳತಿಯರ ತಾಯಂದಿರು, ಸೊಸೆ, ನಾನು ಸೇರಿ ಮೊಬೈಲಿನಲ್ಲಿ ಒಂದು ಗ್ರೂಪ್ ಆಯಿತು. ದಿನಾ ಹಿಂದಿಯಲ್ಲಿ ಪ್ರಶ್ನೆಗಳು. ನೀರು ಫಿಲ್ಟರಿನದೇ? ಕಿಟಕಿಗೆ ಗ್ರಿಲ್ ಇದೆಯೇ? ರಾತ್ರಿ ಸಣ್ಣ ದೀಪ ಉರಿಯುತ್ತದೆಯೇ? ನಾನು ಎಲ್ಲಕ್ಕೂ ಹೌದು ಎಂದೆ. ಸಾಲದ್ದಕ್ಕೆ ಮೂರು ಹೊಸ ಹಾಸಿಗೆ ತಂದು ಬಿಸಿಲಿಗೆ ಹಾಕಿದೆ. ಕೊನೆಗೆ ಒಬ್ಬಳು, "ಆಂಟಿ, ರಾತ್ರಿಗೆ ಆಕ್ಟಿವಿಟಿ ಏನೇನು ಇಟ್ಟಿದ್ದೀರಿ?" ಎಂದು ಕೇಳಿದಳು.

"ಮಲಗುವುದು" ಎಂದು ಬರೆದೆ.

೨. ಚಾಳಿನ ಸಾಲು

ವಿಕ್ರೋಳಿಯ ಚಾಳಿನಲ್ಲಿ ಇದಕ್ಕೆಲ್ಲ ಹೆಸರೇ ಇರಲಿಲ್ಲ. ಮಕ್ಕಳು ಎಲ್ಲಿ ಉಂಡರೋ ಅಲ್ಲೇ ಸಾಲಾಗಿ ಮಲಗುತ್ತಿದ್ದರು. ತಾಯಂದಿರು ತಲೆ ಎಣಿಸಿ ತಮ್ಮದನ್ನು ಎತ್ತಿಕೊಂಡು ಹೋಗುವುದು. ಒಮ್ಮೆ ಕರೆಂಟ್ ಹೋಗಿತ್ತು. ಪಕ್ಕದ ಮನೆಯ ಸಾಲಿನಿಂದ ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದೆ. ಬೆಳಿಗ್ಗೆ ನೋಡಿದರೆ ಅವರ ಹುಡುಗ. ಗಾಬರಿಯಲ್ಲಿ ಓಡಿದರೆ ನನ್ನ ಮಗ ಅಲ್ಲಿ ಕೂತು ಅವಲಕ್ಕಿಯ ಪೋಹೆ ತಿನ್ನುತ್ತಿದ್ದ.

ಆ ಮನೆಯ ಮರಾಠಿ ಹೆಂಗಸು ನಿಧಾನವಾಗಿ ಹೇಳಿದಳು: "ನಿನ್ನವನು ತಟ್ಟೆ ತೊಳೆದಿಡುತ್ತಾನೆ. ಒಂದು ವಾರ ಇಲ್ಲೇ ಇರಲಿ. ನನ್ನವನನ್ನು ನೀನು ಇಟ್ಟುಕೋ."

ಅದೇ ಮಗ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ ನಮ್ಮಲ್ಲಿ ಒಂದು ರಾತ್ರಿಯೂ ಉಳಿದಿಲ್ಲ. ಭಾನುವಾರ ಬರುತ್ತಾನೆ, ಉಣ್ಣುತ್ತಾನೆ, ನಾಲ್ಕು ಗಂಟೆಗೆ "ಟ್ರಾಫಿಕ್ ಶುರುವಾಗ್ತದೆ ಅಮ್ಮ" ಎಂದು ಏಳುತ್ತಾನೆ. ಇರು ಎಂದು ನಾನೂ ಹೇಳಿದವಳಲ್ಲ.

೩. ಹೋಟೆಲು ಬಂದ್

ನಮ್ಮ ಯಜಮಾನರು ಉಡುಪಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದುಡಿದವರು. ಸ್ಲೀಪೋವರಿಗೆ ಬಂದ ಮೂವರು ಮಕ್ಕಳು ಮೇಜಿಗೆ ಕೂತದ್ದೇ ಇವರು ಇಡ್ಲಿಯಿಂದ ಉಪ್ಪಿಟ್ಟಿನ ತನಕ ತಿಂಡಿಗಳ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ನಾನು ಮಾಡಿದ್ದು ದೋಸೆ ಒಂದೇ. ಮೂವರೂ ಇಡ್ಲಿ ಕೇಳಿದರು.

ಒಂಬತ್ತೂವರೆಯಾಯಿತು. ಮೊಮ್ಮಗಳ ತುಟಿ ಅದುರತೊಡಗಿತು. "ಪಪ್ಪಾ..." ಎಂದಳು. ಈ ಸಲವೂ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಯಜಮಾನರು ಮೇಜು ಒರೆಸಿ, ಕುರ್ಚಿಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಅದರ ಮೇಲೆ ಏರಿಸುತ್ತಿದ್ದರು, ಹೋಟೆಲು ಮುಚ್ಚುವಾಗ ಮಾಡುವ ಹಾಗೆ.

"ಎಂತ ಮಾಡ್ತಾ ಇದ್ದೀರಿ?" ಎಂದೆ.

"ಕೈ ಅದರಷ್ಟಕ್ಕೇ ಹೋಯ್ತು ಮಾರಾಯ್ತಿ."

ಮಕ್ಕಳಿಗೆ ಅದು ಟೆಂಟಾಗಿ ಕಂಡಿತು. ಕುರ್ಚಿ ಕಾಲುಗಳ ಮೇಲಿಂದ ನನ್ನ ಸೀರೆ ಇಳಿಬಿಟ್ಟು ಮೂವರೂ ಮೇಜಿನಡಿ ಹೊಕ್ಕರು. ಹೊಸ ಹಾಸಿಗೆ ಯಾರಿಗೂ ಬೇಡ, ಹಳೇ ಚಾಪೆಯೇ ಆಯಿತು. ಒಳಗಿನಿಂದ ಮೊಮ್ಮಗಳ ದನಿ ಬಂತು: "ಅಜ್ಜಾ, ಹೋಟೆಲ್ ಬಂದ್ ಆಯ್ತಲ್ವಾ? ನೀವು ಮನೆಗೆ ಹೋಗಿ."

೪. ಎಣಿಕೆ

ಹತ್ತು ಗಂಟೆಯಿಂದ ಮಗನ ಫೋನ್. "ಅತ್ತಳಾ?" "ಇಲ್ಲ." ಹತ್ತು ನಿಮಿಷ ಬಿಟ್ಟು, "ಈಗ?" "ಇಲ್ಲವೋ." ಹನ್ನೊಂದಕ್ಕೆ ಬಾಗಿಲ ಬೆಲ್ ಆಯಿತು. ಕಾರಿನ ಕೀ ಹಿಡಿದು ಅವನೇ ನಿಂತಿದ್ದ.

"ಅವಳಿಗೆ ನಾನಿಲ್ಲದೆ ನಿದ್ದೆ ಬರುದಿಲ್ಲ ಅಮ್ಮ."

ಮೇಜಿನಿಂದ ಇಳಿಬಿದ್ದ ಸೀರೆ ಸರಿಸಿ ತೋರಿಸಿದೆ. ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಅವನ ಮುಖ ಪೆಚ್ಚಾಯಿತು. "ಐದು ನಿಮಿಷ ಕೂತು ಹೋಗ್ತೇನೆ" ಎಂದು ಪಕ್ಕದಲ್ಲಿ ಬಿದ್ದಿದ್ದ ಹೊಸ ಹಾಸಿಗೆಯ ಮೇಲೆ ಕೂತ. ನಾನು ನೀರು ತರುವಷ್ಟರಲ್ಲಿ ಮಲಗಿಬಿಟ್ಟಿದ್ದ, ಒಂದು ಕೈ ತಲೆಯಡಿ ಇಟ್ಟುಕೊಂಡು, ಚಾಳಿನಲ್ಲಿ ಮಲಗುತ್ತಿದ್ದ ಹಾಗೆಯೇ. ಸೊಸೆಗೆ ಫೋನ್ ಮಾಡಿದೆ. "ಎಬ್ಬಿಸಬೇಡಿ ಅತ್ತೆ" ಎಂದಳು. ದೊಡ್ಡ ದೀಪ ಆರಿಸುವ ಮೊದಲು ತಲೆ ಎಣಿಸಿದೆ.

ಬೆಳಿಗ್ಗೆ ಮೊಮ್ಮಗಳು ಕಣ್ಣುಜ್ಜಿಕೊಂಡು ಅಡುಗೆಮನೆಗೆ ಬಂದಳು. "ಅಜ್ಜೀ, ಪಪ್ಪಾ ಇಲ್ಲಿ ಯಾಕೆ? ರಾತ್ರಿ ಅತ್ತರಾ?"

"ಸ್ವಲ್ಪ" ಎಂದೆ.

ಗ್ರೂಪಿನಲ್ಲಿ ಆಗಲೇ ಪ್ರಶ್ನೆ ಬಂದಿತ್ತು, ಮಕ್ಕಳು ನಿದ್ದೆ ಮಾಡಿದರಾ ಎಂದು. "ನಾಲ್ಕೂ ಮಕ್ಕಳು ಚೆನ್ನಾಗಿ ಮಲಗಿದ್ದರು" ಎಂದು ಬರೆದೆ.

ಆಕ್ಟಿವಿಟಿ ಕೇಳಿದವಳಿಗೆ ದಿಗಿಲಾಯಿತು. "ಆಂಟಿ, ಇದ್ದದ್ದು ಮೂರು. ನಾಲ್ಕನೇದು ಯಾರದು?"

"ನನ್ನದು" ಎಂದು ಬರೆದೆ.