ಗುಂಡಿ ಒತ್ತಿದರೆ ಗುಬ್ಬಿ

ಅಳಬೇಕೆಂದು ಕೂತವನ ಎದುರಿಗೇ ಯಾರಾದರೂ ಬಂದು ನಗುವಂಥ ಮಾತೊಂದನ್ನು ಆಡಿ ಹೋಗುತ್ತಾರೆ. ಹಳೇ ಹುಬ್ಬಳ್ಳಿಯ ಓಣಿಯಲ್ಲಿದ್ದ ನನ್ನ ಫೋಟೋ ಸ್ಟುಡಿಯೋದಲ್ಲಿ ಇದು ತಪ್ಪದೆ ನಡೆಯುತ್ತಿತ್ತು.

೧. ಗುಂಡಿ

ಕಪ್ಪು-ಬಿಳುಪು ಫೋಟೋಗಳಿಗೆ ಕುಂಚದಿಂದ ಬಣ್ಣ ತುಂಬುವುದು ನನ್ನ ಕಸುಬು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಲಗೈ ನಡುಗಲು ಶುರುವಾಯಿತು. ಒಬ್ಬ ಮದುಮಗಳ ಹಣೆಯ ಕುಂಕುಮ ಮೂಗಿನ ತುದಿಗೆ ಇಳಿದ ದಿನ, ಕುಂಚಗಳನ್ನು ತೊಳೆದು ಒರೆಸಿ ಟ್ರಂಕಿನೊಳಗೆ ಇಟ್ಟುಬಿಟ್ಟೆ. ಆಮೇಲೆ ಮಕ್ಕಳ ವಯಸ್ಸಿನವರ ನಡುವೆ ಕೂತು ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಕಲಿತೆ.

ಮನುಷ್ಯರ ಮುಖಕ್ಕೆ ಕೈ ಹಾಕಲು ಇನ್ನೂ ಧೈರ್ಯವಿರಲಿಲ್ಲ. ಕಿಟಕಿಗೆ ಬರುವ ಗುಬ್ಬಿಯ ಫೋಟೋ ತೆಗೆದು, ಸ್ಕ್ಯಾನ್ ಮಾಡಿ, ಕಲಿಸಿದಂತೆ ಒಂದು ಗುಂಡಿ ಒತ್ತಿದೆ. ನೋಡನೋಡುತ್ತಿದ್ದಂತೆ ಗುಬ್ಬಿ ತೈಲಚಿತ್ರವಾಗಿ ಕೂತಿತು. ಗರಿಗರಿಯಲ್ಲೂ ಕುಂಚದ ಗೆರೆ. ಎಲ್ಲಿಯೂ ನಡುಕವಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಚಹಾ ತಂದ ಹೆಂಡತಿಗೆ ತೋರಿಸಿದೆ. ಅವಳು ಬಗ್ಗಿ ನೋಡಿದಳು.

"ಒಂದಽ ಗುಂಡಿ ಒತ್ತಿದ್ರೇನು?"

"ಹೂಂ, ಒಂದಽ."

"ಹಂಗಾರ ಮೂವತ್ತು ವರ್ಷ ಕುಂತು ಏನ್ ಮಾಡಾಕತ್ತಿದ್ರಿ?"

೨. ಮಿಂಚುಳ್ಳಿ

ಗುಬ್ಬಿ ಮುಗಿದ ಮೇಲೆ ಬಣ್ಣದ ಹಕ್ಕಿ ಬೇಕೆನಿಸಿತು. ಧಾರವಾಡದ ಕೆಲಗೇರಿ ಕೆರೆಗೆ ಬಸ್ಸು ಹತ್ತಿ ಹೋಗತೊಡಗಿದೆ. ಮೂರು ದಿನ ದಂಡೆಯ ಮೇಲೆ ನೀರನ್ನೇ ದಿಟ್ಟಿಸುತ್ತ ಕೂತೆ, ಕ್ಯಾಮೆರಾ ಚೀಲದೊಳಗಿತ್ತು. ನಾಲ್ಕನೇ ದಿನ, ಎಮ್ಮೆ ಮೈ ತೊಳೆಯಲು ಬಂದಿದ್ದ ಮುದುಕನೊಬ್ಬ ಎಮ್ಮೆಯನ್ನು ನೀರಲ್ಲೇ ಬಿಟ್ಟು ಬಂದು ನನ್ನ ಪಕ್ಕ ಕೂತ.

"ಮೂರು ದಿವ್ಸದಿಂದ ನೋಡಾಕತ್ತೇನ್ರಿ. ಯಾರ ದಾರಿ ಕಾಯಾಕತ್ತೀರಿ?"

"ಮಿಂಚುಳ್ಳಿ ಇನ್ನೂ ಬಂದಿಲ್ರಿ ಕಾಕಾ."

ಅವನು ನನ್ನ ಭುಜದ ಮೇಲೆ ಒದ್ದೆ ಕೈ ಇಟ್ಟ. ನನ್ನ ಮುಖ ನೋಡಿ ಅವನು ತಿಳಿದುಕೊಂಡದ್ದು ಪೂರಾ ತಪ್ಪು ಎನ್ನಲಾರೆ. ಆ ದಿನಗಳಲ್ಲಿ ನೀರು ನೋಡಿದಾಗ ನನಗೂ ಒಳ್ಳೆಯ ವಿಚಾರಗಳೇ ಬರುತ್ತಿದ್ದವೆಂದೇನಲ್ಲ.

"ಹೋದಾಕಿ ಹೋದ್ಲು, ಬಿಡ್ರಿ," ಎಂದ. "ಈ ವಯಸ್ಸಿನ್ಯಾಗ ಆಕಿ ಸಲುವಾಗಿ ಕೆರಿ ಹಾರತೀರೇನು? ಏಳ್ರಿ, ಮನ್ಯಾಗ ಹೆಂಡ್ತಿ ಅದಾಳಿಲ್ಲೋ?"

ಆಗಲೇ ಮಿಂಚುಳ್ಳಿ ಬಂತು. ಮೀನು ಹಿಡಿಯಿತು. ಹೋಯಿತು. ಮುದುಕ ಮಾತ್ರ ನನ್ನನ್ನು ಬಸ್ಸಿಗೆ ಹತ್ತಿಸುವವರೆಗೂ ಕೈ ಬಿಡಲಿಲ್ಲ. ಹತ್ತಿಸಿದ ಮೇಲೆ ಕಂಡಕ್ಟರಿಗೆ ಹೇಳಿದ: "ಇವ್ರನ್ನ ನಡುವ ಎಲ್ಲೂ ಇಳಸಬ್ಯಾಡ್ರಿ."

೩. ಮೊಳೆ

ಹನ್ನೆರಡು ಹಕ್ಕಿಗಳಾದವು. ಚೌಕಟ್ಟು ಹಾಕಿಸಿ ಸ್ಟುಡಿಯೋದ ಗೋಡೆಗೆ ತೂಗುಹಾಕಿದೆ. ನನ್ನ ಜೊತೆಗೇ ಚಿತ್ರಕಲೆ ಕಲಿತು ಡ್ರಾಯಿಂಗ್ ಮಾಸ್ತರನಾಗಿದ್ದ ಗೆಳೆಯನನ್ನು ಕರೆದೆ. ಅವನ ಒಂದು ಮಾತಿಗಾಗಿ ವಾರವಿಡೀ ಕಾದಿದ್ದೆ. ಬಂದವನು ಕೈ ಹಿಂದೆ ಕಟ್ಟಿಕೊಂಡು ಹನ್ನೆರಡನ್ನೂ ನೋಡಿದ.

"ಹಕ್ಕಿ ಛಲೋ ಅದಾವ," ಎಂದ.

"ಚಿತ್ರ?"

"ಹಕ್ಕಿ ದೇವ್ರು ಮಾಡಿದ್ದು. ಚಿತ್ರ ಕಂಪ್ಯೂಟರ್ ಮಾಡೇತಿ. ಚೌಕಟ್ಟು ನೀ ಹಾಕಿದ್ದೇನು?"

"ಇಲ್ಲ, ಬಡಿಗ್ಯಾರು ಹಾಕಿದ್ರು."

"ಮತ್ತ ಮೊಳಿ?"

"ಮೊಳಿ ನಾನಽ ಹೊಡದೆ."

ಅವನು ಒಂದು ಮೊಳೆಯನ್ನು ಹಿಡಿದು ಅಲುಗಾಡಿಸಿ ನೋಡಿದ.

"ಗಟ್ಟಿ ಹೊಡದಿ," ಎಂದು ಹೋದ.

೪. ಗರಗದ ಕಾಗಿ

ಆಮೇಲೆ ತಿಂಗಳುಗಟ್ಟಲೆ ಹಕ್ಕಿಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಒಂದು ಮಧ್ಯಾಹ್ನ ಗರಗದಿಂದ ಖಾದಿ ನೇಯುವವನೊಬ್ಬ ಬಂದ. ತಲೆ ಬೋಳಿಸಿ ಹೆಚ್ಚು ದಿನ ಆಗಿರಲಿಲ್ಲ. ಜೇಬಿನಿಂದ ಒಂದು ಫೋಟೋ ತೆಗೆದ. ಬಾಳೆಎಲೆಯ ಮೇಲೆ ಅನ್ನ, ಅದರ ಮುಂದೆ ಒಂದು ಕಾಗೆ.

"ಇದನ್ನ ದೊಡ್ಡ ಪೇಂಟಿಂಗ್ ಮಾಡಿ ಕೊಡ್ರಿ. ಗ್ವಾಡಿಗೆ ಹಾಕಬೇಕು."

"ಕಾಗಿ ಪೇಂಟಿಂಗ್ ಏನ್ರಿ?"

"ಕಾಗಿ ಅಲ್ರಿ," ಎಂದ. "ನಮ್ಮಪ್ಪ."

ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವನ ತಂದೆ ಜೀವಮಾನದಲ್ಲಿ ಒಮ್ಮೆಯೂ ಕ್ಯಾಮೆರಾದ ಮುಂದೆ ನಿಂತಿರಲಿಲ್ಲವಂತೆ. ಸತ್ತ ಹನ್ನೊಂದನೇ ದಿನ ಎಡೆ ಇಟ್ಟರೆ ಎರಡು ತಾಸು ಕಾಗೆ ಬರಲಿಲ್ಲ. ಕಡೆಗೂ ಬಂದದ್ದನ್ನು ಬೀಗರೊಬ್ಬರು ಫೋಟೋ ಹೊಡೆದಿದ್ದರು.

"ಅಪ್ಪಂದು ಅಂತ ಇರೋದು ಇದೊಂದಽ ಫೋಟೋರಿ."

ನನಗೆ ನಗು ಬರಲಿಲ್ಲ. ಕಪ್ಪು ಹಕ್ಕಿಗೆ ಒಂದು ಗುಂಡಿ ಸಾಲದು. ಕಪ್ಪಿನೊಳಗೆ ನೀಲಿ ಇರುತ್ತದೆ, ನೇರಳೆ ಇರುತ್ತದೆ. ಮೌಸ್ ಮೇಲಿದ್ದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ನಾಲ್ಕು ದಿನ ಒಂದೊಂದೇ ಗರಿ ತಿದ್ದಿದೆ.

ನೋಡಲು ಅವನು ತನ್ನ ತಾಯಿಯನ್ನೂ ಕರೆತಂದ. ಮುದುಕಿ ಕಂಪ್ಯೂಟರಿನ ಮುಂದೆ ಕೂತು ಬಹಳ ಹೊತ್ತು ನೋಡಿದಳು.

"ಇದು ನಿಮ್ಮಪ್ಪ ಅಲ್ಲ," ಎಂದಳು.

ಮಗನ ಮುಖ ಬಾಡಿತು. "ಯಾಕಬೇ ಹಂಗಂತಿ?"

"ಎಡಿ ಮುಂದ ಬಾಯಿ ಮುಚ್ಚಿಗೊಂಡು ಕುಂತೈತಿ. ಇಷ್ಟು ವರ್ಷ ಉಣ್ಣಾಕ ನೀಡೇನಿ, ಒಂದು ದಿವ್ಸರ ತಾಟಿನ ಮುಂದ ಬಾಯಿ ಮುಚ್ಚ್ಯಾನೇನು ಅಂವ?"

ಮಗ ನನ್ನ ಕಡೆ ನೋಡಿದ. ನಾನು ಕೊಕ್ಕನ್ನು ಸ್ವಲ್ಪ ತೆರೆದೆ.

"ಇನ್ನೂ," ಎಂದಳು.

ಮತ್ತಷ್ಟು ತೆರೆದೆ.

"ಇನ್ನೂ ತಗೀರಿ."

ಗಂಟಲು ಕಾಣುವಷ್ಟು ತೆರೆದೆ. ಮುದುಕಿ ತಟ್ಟನೆ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕಣ್ಣಿಂದ ನೀರು ಇಳಿಯತೊಡಗಿತು. ಮಗನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು:

"ಈಗ ಬಂದ ನೋಡು. ಸಾರಿಗೆ ಉಪ್ಪು ಕಮ್ಮಿ ಆಗೇತಂತ."